ಆಟಕ್ಕುಂಟು, ಲೆಕ್ಕಕ್ಕಿಲ್ಲ!

ಯಾವ ಅಂಗಡಿಯವರಾದರೂ 2011ನೇ ಇಸವಿಯ ಲೆಕ್ಕದ ಪುಸ್ತಕ ನೋಡಿಕೊಂಡು ಇವತ್ತಿನ ಗಿರಾಕಿಗೆ ಅಕ್ಕಿ-ಬೇಳೆ ತರಿಸುತ್ತಾರೆಯೇ? ತರಿಸಿದರೆ ಮೂರೇ ತಿಂಗಳಲ್ಲಿ ಅಂಗಡಿಗೆ ಬೀಗ. ಆದರೆ ಸರ್ಕಾರದ ಅಂಗಡಿ ಇಷ್ಟು ವರ್ಷ ನಡೆದದ್ದು ಅದೇ ಹಳೇ ಪುಸ್ತಕದ ಮೇಲೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲೇ ಇಲ್ಲ.

ದೊಡ್ಡ ನಗರದ ಅಂಚಿನಲ್ಲಿರುವ ಊರುಗಳಿಗೆ ಇದರ ಪೆಟ್ಟು ಹೆಚ್ಚು. ಆನೇಕಲ್ ತಾಲ್ಲೂಕನ್ನೇ ನೋಡಿ. ಹೊಸೂರು ರಸ್ತೆಯ ಬಸ್ಸಿನಲ್ಲಿ ದಿನಾ ಜೋತುಬಿದ್ದು ಹೋಗುವವರಿಗೆ ಇದರ ಕಥೆ ಬಿಡಿಸಿ ಹೇಳಬೇಕಿಲ್ಲ. ರಾಗಿ ಹೊಲ, ರೇಷ್ಮೆ ಮಗ್ಗಗಳ ಸೀಮೆ ಇದು. ಇದರ ಹೆಬ್ಬಾಗಿಲಲ್ಲೇ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಹುಟ್ಟಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕಾರ್ಖಾನೆಗಳೆದ್ದವು. ಪಂಚಾಯಿತಿಗಳಾಗಿದ್ದ ಊರುಗಳು ಪುರಸಭೆ, ನಗರಸಭೆಗಳಾದವು. 2025ರ ಆಗಸ್ಟ್ 10ರಂದು ಬೊಮ್ಮಸಂದ್ರಕ್ಕೆ ಮೆಟ್ರೋ ರೈಲೂ ಬಂತು.

ರೈಲು ಬಂತು ಅಂದರೆ ಜನ ಬಂದರು ಅಂತಲೇ ಲೆಕ್ಕ. ರಾಯಚೂರು, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು, ಒಡಿಶಾ, ಬಿಹಾರ, ಅಸ್ಸಾಮಿನಿಂದ ಕಾರ್ಖಾನೆಗೆ ಬಂದವರು, ಗಡಿಯಾಚೆಯಿಂದ ಓಡಾಡುವವರು, ಅಪಾರ್ಟ್‌ಮೆಂಟಿನ ಕಂಪ್ಯೂಟರ್ ಕೆಲಸದವರು, ಎಲ್ಲರೂ ಒಂದೇ ಬೀದಿಯಲ್ಲಿ ಹಾಲು ಕೊಳ್ಳುತ್ತಾರೆ. ಆದರೆ ಎಲ್ಲರ ಮಕ್ಕಳೂ ಒಂದೇ ಶಾಲೆಗೆ ಹೋಗುವುದಿಲ್ಲ. ಕಾಸಿದ್ದವರ ಮಗು ಹಳದಿ ಬಸ್ಸು ಹತ್ತುತ್ತದೆ. ಇಲ್ಲದವರ ಮಗುವಿಗೆ ಸರ್ಕಾರಿ ಶಾಲೆಯೇ ಗತಿ.

ಕರ್ನಾಟಕದಲ್ಲಿ ಕಂದಾಯ ಜಿಲ್ಲೆ 31 ಇದ್ದರೆ ಶೈಕ್ಷಣಿಕ ಜಿಲ್ಲೆ 35. ಆನೇಕಲ್ ಸೇರಿರುವುದು ಬೆಂಗಳೂರು ದಕ್ಷಿಣ ಶೈಕ್ಷಣಿಕ ಜಿಲ್ಲೆಗೆ. 2001ರಲ್ಲಿ 65,37,124 ಇದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ಕ್ಕೆ 96,21,551ಕ್ಕೆ ಏರಿತು. ಅಂದರೆ ಹತ್ತು ವರ್ಷದಲ್ಲಿ ಶೇ. 47 ಹೆಚ್ಚಳ. ಅದೇ ಅವಧಿಯಲ್ಲಿ ಇಡೀ ರಾಜ್ಯ ಬೆಳೆದದ್ದು ಶೇ. 15.6 ಮಾತ್ರ. ಆಮೇಲಿನ ಲೆಕ್ಕ? ಎಣಿಸಿದವರೇ ಇಲ್ಲ! ಅಂದು ತೊಟ್ಟಿಲಲ್ಲಿದ್ದ ಕೂಸು ಈಗ ಎಸ್ಸೆಸ್ಸೆಲ್ಸಿ ವಯಸ್ಸಿಗೆ ಬಂದಿದೆ.

ಲೆಕ್ಕ ತಪ್ಪಿದರೆ ಏನಂತೆ ಎನ್ನಬೇಡಿ. 2013ರ ಆಹಾರ ಭದ್ರತಾ ಕಾಯಿದೆಯ ಅಕ್ಕಿ ಎಷ್ಟು ಜನಕ್ಕೆ ಎಂದು ಗೊತ್ತುಮಾಡಿದ್ದು 2011ರ ತಲೆ ಎಣಿಸಿ. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ಪಾಲು ಹಂಚುವಾಗ ನೋಡಿದ್ದೂ ಅದೇ ಜನಸಂಖ್ಯೆಯನ್ನು. ಶಾಲೆಯ ಮಾತು ಬಂದರೆ, ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೊಬ್ಬರು ಮೇಷ್ಟ್ರು ಇರಬೇಕೆಂದು ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಆದರೆ ಮೇಷ್ಟ್ರು ಬರುವುದು ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಗುವಿಗೆ. ಕಟ್ಟಡದ ಕೆಲಸ ಮುಗಿದಾಗೆಲ್ಲ ಅಪ್ಪ-ಅಮ್ಮನ ಜತೆ ಶೆಡ್ಡು ಬದಲಾಯಿಸುವ ಮಗು ಯಾರ ಪುಸ್ತಕದಲ್ಲಿದೆ? ಆ ಮಗು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಟಿ.ಸಿ. ಇಲ್ಲ, ಜನನ ಪತ್ರ ಇಲ್ಲ ಎಂದು ಇಂಥ ಮಕ್ಕಳನ್ನು ಬಾಗಿಲಿಂದಲೇ ಅಟ್ಟುವುದು ಕಾನೂನಿಗೆ ವಿರುದ್ಧ. ಟಿ.ಸಿ. ತಡವಾಯಿತೆಂದು ಆಗಲಿ, ವಯಸ್ಸಿನ ದಾಖಲೆ ಇಲ್ಲವೆಂದು ಆಗಲಿ ದಾಖಲಾತಿ ನಿರಾಕರಿಸುವಂತಿಲ್ಲ ಎಂದು ಅದೇ ಕಾಯಿದೆ ಸ್ಪಷ್ಟವಾಗಿ ಹೇಳಿದೆ. ಇದು ಎಷ್ಟು ಜನ ತಾಯಂದಿರಿಗೆ ಗೊತ್ತು?

ಕೊನೆಗೂ 2025ರ ಜೂನ್‌ನಲ್ಲಿ ಹೊಸ ಜನಗಣತಿಗೆ ಅಧಿಸೂಚನೆ ಹೊರಟಿತು. ಲೆಕ್ಕದ ದಿನ 2027ರ ಮಾರ್ಚ್ 1. ಈ ಸಲವೂ ಎಡವಿದರೆ ಇನ್ನೊಂದು ತಲೆಮಾರಿನ ಮಕ್ಕಳು ಕೈತಪ್ಪುತ್ತಾರೆ. ಬಾಡಿಗೆಯವರ ಹೆಸರು ಹೇಳಿದರೆ ಕಂದಾಯ ಏರೀತು ಎಂದು ಅಳುಕುವ ಮನೆ ಮಾಲೀಕರೇ, ನಿಮಗೊಂದು ಮಾತು. 1948ರ ಜನಗಣತಿ ಕಾಯಿದೆಯ ಪ್ರಕಾರ ನೀವು ಕೊಡುವ ವಿವರ ಗುಟ್ಟಾಗಿಯೇ ಇರಬೇಕು. ಅದನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. ಹಾಗಿರುವಾಗ ಹಿಂದಿನ ಕೋಣೆಯ ಸಂಸಾರವನ್ನು ಬಚ್ಚಿಡುವುದೇಕೆ?

ಶಿಕ್ಷಣ ಇಲಾಖೆಯೂ ಗಣತಿಯವರು ಬರಲಿ ಎಂದು ಕೈಕಟ್ಟಿ ಕೂರಬಾರದು. ಪ್ರತಿ ಬೇಸಿಗೆ ರಜೆ ಮುಗಿಯುವ ಮುನ್ನ ಕಾರ್ಖಾನೆ ಸುತ್ತಲ ವಠಾರ, ಕಟ್ಟಡದ ಶೆಡ್ಡುಗಳಿಗೆ ಹೋಗಿ ಮಕ್ಕಳನ್ನು ಎಣಿಸಲಿ. ಮನೆಯಲ್ಲಿ ಯಾವ ಭಾಷೆ ಎಂದೂ ಬರೆದುಕೊಳ್ಳಲಿ. ಒಡಿಯಾ ಮನೆಮಾತಿನ ಮಗುವಿಗೆ ಕನ್ನಡ ಕಲಿಸಲು ಮೇಷ್ಟ್ರಿಗೂ ತಯಾರಿ ಬೇಕಲ್ಲವೇ?

ಅಂಗಡಿ ಸಾಹುಕಾರರೇ, ನಿಮ್ಮ ಬೀದಿಗೆ ಯಾರು ಹೊಸದಾಗಿ ಬಂದರು ಎಂಬುದು ಯಾವ ಅಧಿಕಾರಿಗಿಂತ ಮೊದಲು ನಿಮಗೆ ಗೊತ್ತು. ಗಲ್ಲಾ ಮುಂದೆ ನಿಂತ ತಾಯಿಗೆ ಒಂದು ಮಾತು ಕೇಳಿ: 'ಮಗು ಶಾಲೆಗೆ ಹೋಗ್ತಾ ಇದೆಯೇನಮ್ಮಾ?' ಲೆಕ್ಕ ಅಲ್ಲಿಂದಲೇ ಶುರುವಾಗಲಿ.