ತೀರ್ಪುಗಾರರೋ, ನ್ಯಾಯಾಧೀಶರೋ?

ಶಾಲೆಯ ಚರ್ಚಾಸ್ಪರ್ಧೆಯ ಆಹ್ವಾನ ಪತ್ರಿಕೆಯಲ್ಲಿ ‘ತೀರ್ಪುಗಾರರು’ ಎಂದು ಅಚ್ಚಾಗಿರುತ್ತದೆ. ನಾಗಮಂಗಲದ ನ್ಯಾಯಾಲಯದಲ್ಲಿ ಪೀಠದ ಮೇಲೆ ಕುಳಿತವರು ‘ನ್ಯಾಯಾಧೀಶರು’. ಕಬಡ್ಡಿಯಲ್ಲಿ ಸೀಟಿ ಊದುವವರು ‘ರೆಫರಿ’, ಕ್ರಿಕೆಟ್‌ನಲ್ಲಿ ಬೆರಳೆತ್ತುವವರು ‘ಅಂಪೈರ್’. ಎರಡು ಪಕ್ಷಗಳ ನಡುವೆ ನಿಂತು ನಿರ್ಣಯ ಹೇಳುವ ಒಂದೇ ಕೆಲಸಕ್ಕೆ ಇಷ್ಟೊಂದು ಹೆಸರುಗಳೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು.

ಸ್ವೀಡನ್ನಿನ ಜನರಿಗೆ ಈ ತೊಡಕಿಲ್ಲ. ಅವರ ನುಡಿಯಲ್ಲಿ ನ್ಯಾಯಾಧೀಶರೂ ‘ದೊಮ್ಮರೆ’, ಫುಟ್‌ಬಾಲ್ ರೆಫರಿಯೂ ‘ದೊಮ್ಮರೆ’. ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಇಬ್ಬರೂ ‘ದೊಮ್ಮರ್’. ‘ದೊಮ್’ ಎಂದರೆ ತೀರ್ಪು.

ನಮ್ಮ ‘ತೀರ್ಪು’ ಹುಟ್ಟಿದ್ದು ‘ತೀರು’ ಎಂಬ ಅಚ್ಚಗನ್ನಡ ಧಾತುವಿನಿಂದ. ಸಾಲ ತೀರಿತು ಎನ್ನುತ್ತೇವೆ, ಋಣ ತೀರಿತು ಎನ್ನುತ್ತೇವೆ. ಹಾಗೆಯೇ ಜಗಳವನ್ನು ತೀರಿಸುವುದು ತೀರ್ಪು. ಹಾಡುಗಾರ ಎಂಬಲ್ಲಿರುವ ‘ಗಾರ’ ಇದಕ್ಕೆ ಸೇರಿದರೆ ತೀರ್ಪುಗಾರ. ಅರ್ಥವನ್ನಷ್ಟೇ ನೋಡಿದರೆ ಈ ಪದ ನ್ಯಾಯಾಲಯಕ್ಕೂ ಸಲ್ಲುತ್ತದೆ. ಆದರೆ ಬಳಕೆ ಬೇರೆ ದಾರಿ ಹಿಡಿದಿದೆ. ಆಟ, ಸ್ಪರ್ಧೆಗಳಿಗೆ ತೀರ್ಪುಗಾರರು; ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಿಗೆ ನ್ಯಾಯಾಧೀಶರು; ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳಿಗೆ ನ್ಯಾಯಮೂರ್ತಿಗಳು. ಪರೀಕ್ಷೆಯಲ್ಲಿ ‘ಕಬಡ್ಡಿಯ ನ್ಯಾಯಾಧೀಶ’ ಎಂದು ಬರೆಯದಿರುವುದು ಒಳ್ಳೆಯದು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಗಳ ಹಿರಿಯರ ಬಾಯಲ್ಲಿ ‘ಮುನ್ಸೀಫ್ ಕೋರ್ಟು’ ಎಂಬ ಹಳೆಯ ಮಾತೂ ಕೇಳಿಬರುತ್ತದೆ. ಮುನ್ಸೀಫ್ ಅರಬ್ಬೀ ಪದ. ಅದರ ಮೂಲದಲ್ಲಿರುವುದು ‘ಅರ್ಧ’ ಎಂಬ ಅರ್ಥ. ಇಬ್ಬರಿಗೂ ಸರಿಪಾಲು ತೂಗುವವನೇ ಮುನ್ಸೀಫ್. ‘ಅಂಪೈರ್’ ಪದದ ಮೂಲ ಹಳೆಯ ಫ್ರೆಂಚಿನ ‘ನಾನ್‌ಪೆರ್’; ಜೋಡಿಯಲ್ಲದವನು, ಅಂದರೆ ಎರಡು ಪಕ್ಷಕ್ಕೂ ಸೇರದ ಮೂರನೆಯವನು. ನಮ್ಮ ಹಳ್ಳಿಗಳಲ್ಲಿ ‘ನ್ಯಾಯ ಸೇರಿಸಿದಾಗ’ ಕೂರುವ ‘ಪಂಚರು’ ಎಂಬ ಹೆಸರಿನಲ್ಲಿರುವುದು ಐದು ಎಂಬ ಸಂಖ್ಯೆ. ಸಮಪಾಲು, ಮೂರನೆಯವನು, ಐವರು – ಯಾವ ಪದವನ್ನು ಬಿಡಿಸಿದರೂ ಒಬ್ಬರ ಕಡೆ ವಾಲದಿರುವ ಎಚ್ಚರ ಅದರೊಳಗೆ ಕಾಣುತ್ತದೆ.

ಪೋಷಕರಿಗೂ ಒಂದು ಮಾತು. ನ್ಯಾಯಾಲಯದ ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ದಾರಿಯುಂಟು. ಶಾಲೆಯ ಮೈದಾನದಲ್ಲಿ ಸೀಟಿ ಊದುವ ಮೇಷ್ಟರ ಮೇಲೆ ಅಂತಹ ಪೀಠವಿಲ್ಲ. ಮಗ ಔಟಾದಾಗ ಗೆರೆಯಾಚೆ ನಿಂತು ಮೇಷ್ಟರನ್ನು ಬೈಯುವ ತಂದೆಯಿಂದ ಮಗು ಆಟವನ್ನಲ್ಲ, ತಕರಾರನ್ನು ಕಲಿಯುತ್ತದೆ. ತೀರ್ಪು ಬಂದ ಮೇಲೂ ಜಗಳ ತೀರದಿದ್ದರೆ ಆ ಪದಕ್ಕೆ ಅರ್ಥವೆಲ್ಲಿ ಉಳಿಯಿತು?