ಸಣ್ಣ ಗಾಯಕ್ಕೆ ಸಂಜೆಯೂ ತೆರೆದ ಬಾಗಿಲು ಬೇಕು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಚಿಮ್ಮಡ, ಮಹಾಲಿಂಗಪುರ, ತೇರದಾಳದ ಸುತ್ತಲಿನ ಹೊಲಗಳಲ್ಲಿ ಕೊಯ್ತಾ ತಾಗಿ ಕಾಲು ಕೊಯ್ದುಕೊಳ್ಳುವುದು, ರವದಿ ಬಡಿದು ಕಣ್ಣು ಕೆಂಪಾಗುವುದು ಯಾರಿಗೂ ಹೊಸ ಸುದ್ದಿಯಲ್ಲ. ರಬಕವಿ-ಬನಹಟ್ಟಿಯ ಪವರ್‌ಲೂಮುಗಳ ಮುಂದೆ ನಿಂತವರಿಗೆ ಬೆರಳಿನ ಗಾಯವೂ ಹೊಸದಲ್ಲ. ಮಳೆಗಾಲದಲ್ಲಿ ವಾಂತಿಭೇದಿ, ಜ್ವರ. ವರ್ಷವಿಡೀ ನಾಯಿ ಕಡಿತ. ಇವುಗಳಲ್ಲಿ ಹೆಚ್ಚಿನವು ಅಂದೇ ಸರಿಯಾದ ಆರೈಕೆ ಸಿಕ್ಕರೆ ಜೀವಕ್ಕೆ ಎರವಾಗುವಂಥವಲ್ಲ. ಆದರೆ ಇಂಥ ಗಾಯ ಮಾಡಿಕೊಂಡವರು ಹೋಗುವುದೆಲ್ಲಿಗೆ? ಊರಲ್ಲೇ ಸೂಜಿ ಚುಚ್ಚುವವರ ಬಳಿ, ಇಲ್ಲವೇ ಮೆಡಿಕಲ್ ಅಂಗಡಿಗೆ. ಅದೂ ನೀಗದಿದ್ದರೆ ಜಮಖಂಡಿ, ಬಾಗಲಕೋಟೆ ಅಥವಾ ಮಿರಜದ ದೊಡ್ಡ ಆಸ್ಪತ್ರೆಗೆ. ಇವೆರಡರ ನಡುವೆ ಇರಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ, ದುಡಿಯುವವರಿಗೆ ಬಿಡುವಾಗುವ ಹೊತ್ತಿಗೆ ಮುಚ್ಚಿರುತ್ತದೆ. ನಮ್ಮಲ್ಲಿ ಸಣ್ಣ ಕಾಯಿಲೆಯ ಚಿಕಿತ್ಸೆ ಹಾದಿ ತಪ್ಪುತ್ತಿರುವುದಕ್ಕೆ ಜನರ ಅಜ್ಞಾನಕ್ಕಿಂತ ಸರ್ಕಾರಿ ದವಾಖಾನೆಯ ವೇಳಾಪಟ್ಟಿಯೇ ದೊಡ್ಡ ಕಾರಣ.

ಸಣ್ಣ ಕಾಯಿಲೆಗೆ ಹತ್ತಿರದಲ್ಲೇ ಚಿಕಿತ್ಸೆ ಬೇಕೆಂಬುದನ್ನು ಸರ್ಕಾರ ಒಪ್ಪಿಕೊಂಡು ಎಷ್ಟೋ ವರ್ಷಗಳಾದವು. ಬಯಲುಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೊಂದು ಉಪಕೇಂದ್ರ ಇರಬೇಕೆಂಬುದು ದೇಶದ ಮಾನದಂಡ. 2018ರಿಂದ ಉಪಕೇಂದ್ರಗಳನ್ನು ಕ್ಷೇಮ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ಕೂರಿಸಲಾಗುತ್ತಿದೆ. ಪಟ್ಟಣಗಳಿಗಾಗಿ 2022ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ‘ನಮ್ಮ ಕ್ಲಿನಿಕ್’ ಯೋಜನೆಗೆ ಚಾಲನೆ ಸಿಕ್ಕಿತು. ಅಲ್ಲಿ ಒಬ್ಬ ವೈದ್ಯರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನೀಷಿಯನ್. ಚೀಟಿಗೂ ಔಷಧಕ್ಕೂ ದುಡ್ಡಿಲ್ಲ. ಕಲ್ಪನೆ ಚೆನ್ನಾಗಿದೆ. ಆದರೆ ಅದಕ್ಕೆ ಗೊತ್ತುಪಡಿಸಿದ ಸಮಯ ಬೆಳಗ್ಗೆ 9ರಿಂದ ಸಂಜೆ 4.30. ದಿನಗೂಲಿಯವರು ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಬೇಕಾದರೆ ಅಂದಿನ ಪಗಾರ ಬಿಡಬೇಕು. ಚಿಕಿತ್ಸೆ ಪುಕ್ಕಟೆ, ಆದರೆ ಅಲ್ಲಿಗೆ ಹೋಗಿಬರುವುದು ಪುಕ್ಕಟೆಯಲ್ಲ.

ನಾಯಿ ಕಡಿತವನ್ನೇ ನೋಡಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಹಾಕಿಸಬೇಕು. ಹಲ್ಲು ನಾಟಿ ರಕ್ತ ಬಂದಿದ್ದರೆ ಮೊದಲ ದಿನವೇ ಗಾಯದ ಸುತ್ತ ಇಮ್ಯುನೊಗ್ಲೊಬ್ಯುಲಿನ್ ಕೂಡ ಬೇಕು. ಅಂದರೆ ಒಂದು ಕಡಿತಕ್ಕೆ ನಾಲ್ಕು ಸಲ ದವಾಖಾನೆ ಹತ್ತಬೇಕು. ತಾಲೂಕು ಕೇಂದ್ರಕ್ಕೇ ಹೋಗಬೇಕಾದರೆ ನಾಲ್ಕು ದಿನದ ಪಗಾರ, ನಾಲ್ಕು ಸಲದ ಬಸ್ ಖರ್ಚು. ಮೊದಲ ಸೂಜಿಗೆ ಹೆದರಿಕೆ ಕರೆದೊಯ್ಯುತ್ತದೆ. ಗಾಯ ಮಾಯ್ದ ಮೇಲೆ ಬರುವ 28ನೇ ದಿನದ ಸೂಜಿ ಮರೆತೇ ಹೋಗುತ್ತದೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಅಪರೂಪದಲ್ಲಿ ಅಪರೂಪ. ಊರಿನ ಹತ್ತಿರ ಸಂಜೆ ಏಳರವರೆಗೆ ಲಸಿಕೆ ಸಿಗುವಂತಿದ್ದರೆ ಅದೇ ಮನುಷ್ಯ ಹೊಲದಿಂದ ಮನೆಗೆ ಹೋಗುವಾಗ ನಾಲ್ಕೂ ಸಲ ಹಾಕಿಸಿಕೊಂಡು ಹೋಗುತ್ತಾನೆ.

ಈ ಖಾಲಿ ಜಾಗವನ್ನು ಇಂದು ತುಂಬಿರುವವರು ಪದವಿಯಿಲ್ಲದೆ ಅಲೋಪಥಿ ಔಷಧ ಕೊಡುವವರು. ಸುಸ್ತು ಎಂದವರಿಗೆಲ್ಲ ಅವರು ಸಲಾಯಿನ್ ಹಚ್ಚುತ್ತಾರೆ, ‘ತಾಕತ್ತು ಬಂತು’ ಎಂದು ಜನ ಎದ್ದು ಹೋಗುತ್ತಾರೆ. ಅರ್ಧ ಲೀಟರ್ ನಾರ್ಮಲ್ ಸಲಾಯಿನ್ ಬಾಟ್ಲಿಯಲ್ಲಿ ಇರುವುದು ನಾಲ್ಕೂವರೆ ಗ್ರಾಂ ಉಪ್ಪು. ಶೇ 5ರ ಡೆಕ್ಸ್‌ಟ್ರೋಸ್ ಆದರೆ 25 ಗ್ರಾಂ ಸಕ್ಕರೆ. ಬಾಯಿಂದ ಕುಡಿಯಬಲ್ಲವರಿಗೆ ಓಆರ್‌ಎಸ್‌ನ ಒಂದು ಪೊಟ್ಟಣ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ; ಅದರಲ್ಲಿ ಪೊಟ್ಯಾಸಿಯಂ ಕೂಡ ಇರುತ್ತದೆ, ಸೂಜಿಯ ಸೋಂಕಿನ ಭಯವಿರುವುದಿಲ್ಲ. ಇದು ಗೊತ್ತಿದ್ದವರೂ ರಾತ್ರಿ ಎಂಟಕ್ಕೆ ಅಲ್ಲಿಗೇ ಹೋಗುತ್ತಾರೆ. ಆ ಹೊತ್ತಿಗೆ ತೆರೆದಿರುವುದು ಅದೊಂದೇ, ಉದ್ರಿಯೂ ನಡೆಯುತ್ತದೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಬಲದಿಂದ ಅಧಿಕಾರಿಗಳು ದಾಳಿ ಮಾಡಿ ಬೀಗ ಹಾಕಬಹುದು, ಹಾಕಲೇಬೇಕು. ಆದರೆ ಬೀಗ ಹಾಕಿದ ರಾತ್ರಿ ಜ್ವರ ಬಂದ ಕೂಸನ್ನು ಎತ್ತಿಕೊಂಡು ತಾಯಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ.

ಸಂಜೆಯೂ ಕೇಂದ್ರ ತೆರೆದಿಡಬೇಕೆಂಬ ಮಾತಿಗೆ ಆಕ್ಷೇಪಗಳಿವೆ. ಬಾಗಿಲು ತೆರೆದಿಟ್ಟರೆ ನೆಗಡಿ-ಕೆಮ್ಮಿನವರೆಲ್ಲ ಬಂದು ತುಂಬಿಕೊಳ್ಳುತ್ತಾರೆ ಎಂಬುದು ಮೊದಲನೆಯದು. ಇಂಗ್ಲೆಂಡಿನ ಅನುಭವ ಇದಕ್ಕೆ ಪೂರಕವಾಗಿಯೂ ಇದೆ. ಮುಂಚೆ ಹೆಸರು ಹಚ್ಚದೆ ನೇರವಾಗಿ ಹೋಗಬಹುದಾದ ವಾಕ್-ಇನ್ ಕೇಂದ್ರಗಳು ಅಲ್ಲಿ 2000ದಿಂದ ತೆರೆದವು. ಒಂದೇ ಚಿಕಿತ್ಸೆಗೆ ಎರಡೆರಡು ಕಡೆ ಹಣ ಸುರಿಯಬೇಕಾಗಿದೆ ಎಂಬ ತಕರಾರು ಎದ್ದು 2010ರ ನಂತರ ಹಲವು ಮುಚ್ಚಿದವು. ಆದರೆ ಅಲ್ಲಿ ಬಹುತೇಕ ಎಲ್ಲರ ಹೆಸರೂ ಒಬ್ಬ ಕುಟುಂಬ ವೈದ್ಯರಲ್ಲಿ ನೋಂದಾಯಿತವಾಗಿರುತ್ತದೆ. ಅವರಿಗೆ ವಾಕ್-ಇನ್ ಕೇಂದ್ರ ಎರಡನೆಯ ಬಾಗಿಲಾಗಿತ್ತು. ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಬಂದು ಹೊಲದ ಅಂಚಿನ ಗುಡಿಸಲಲ್ಲಿ ಇರುವ ಕಬ್ಬು ಕಡಿಯುವ ಗ್ಯಾಂಗಿನವರಿಗೆ ಇಲ್ಲಿ ಮೊದಲನೆಯ ಬಾಗಿಲೇ ಇಲ್ಲ.

ಎರಡನೆಯ ಆಕ್ಷೇಪ ವೈದ್ಯರ ಕೊರತೆಯದು, ಇದು ಗಟ್ಟಿಯಾದದ್ದೇ. ಇರುವ ಒಬ್ಬ ವೈದ್ಯರನ್ನೇ ಬೆಳಗ್ಗಿನಿಂದ ರಾತ್ರಿವರೆಗೆ ಕೂರಿಸುವುದು ಅನ್ಯಾಯ. ಹಾಗಾಗಿ ಕೇಳಬೇಕಾದದ್ದು ಪಾಳಿ ಬದಲಾವಣೆ. ಕೇರಳ 2017ರಲ್ಲಿ ಆರಂಭಿಸಿದ ಆರ್ದ್ರಂ ಯೋಜನೆಯಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳಿಗೆ ಸಿಬ್ಬಂದಿ ಹೆಚ್ಚಿಸಿ, ಹೊರರೋಗಿ ವಿಭಾಗವನ್ನು ಸಂಜೆ 6ರವರೆಗೆ ವಿಸ್ತರಿಸಿತು. ನಮ್ಮಲ್ಲೂ ಹೆರಿಗೆಗಾಗಿ ಹಗಲು-ರಾತ್ರಿ ನರ್ಸ್‌ಗಳು ಇರುವ ಕೇಂದ್ರಗಳಿವೆ. ಗಾಯ ತೊಳೆದು ಪಟ್ಟಿ ಕಟ್ಟುವುದು, ಧನುರ್ವಾಯು ಸೂಜಿ, ರೇಬೀಸ್ ಲಸಿಕೆಯ ಮುಂದಿನ ಡೋಸ್ ಇವೆಲ್ಲ ತರಬೇತಾದ ನರ್ಸ್ ಮಾಡಬಲ್ಲ ಕೆಲಸಗಳು. ಸಂಶಯ ಬಂದರೆ ಸರ್ಕಾರದ ಆನ್‌ಲೈನ್ ವೈದ್ಯಕೀಯ ಸಲಹಾ ಸೇವೆ ಇ-ಸಂಜೀವಿನಿಯಲ್ಲಿ ವೈದ್ಯರನ್ನು ಕೇಳಬಹುದು.

ಮೂರನೆಯದು ಎಲ್ಲಕ್ಕಿಂತ ಗಂಭೀರ: ದೊಡ್ಡದನ್ನು ಸಣ್ಣದೆಂದು ತಿಳಿದು ಇಲ್ಲಿ ಕುಳಿತು ಹೊತ್ತು ಕಳೆದರೆ? ಎದೆನೋವು, ಬಾಯಿ ಸೊಟ್ಟಗಾಗಿ ಒಂದು ಕಡೆಯ ಕೈಕಾಲು ಬೀಳುವುದು, ಹಾವು ಕಡಿತ, ಕ್ರಿಮಿನಾಶಕ ಹೊಟ್ಟೆಗೆ ಹೋಗುವುದು, ತಲೆಗೆ ಪೆಟ್ಟಾಗಿ ವಾಂತಿ, ನಿಲ್ಲದ ರಕ್ತ, ಮೊಲೆ ಹಿಡಿಯದ ಕೂಸು: ಇವಕ್ಕೆ ಮೊದಲ ಕೆಲಸ 108ಕ್ಕೆ ಫೋನ್ ಮಾಡುವುದು. ಈ ಪಟ್ಟಿ ದವಾಖಾನೆಯ ಗೋಡೆಯ ಮೇಲಷ್ಟೇ ಇದ್ದರೆ ಸಾಲದು; ಪಂಚಾಯಿತಿ, ಸಕ್ಕರೆ ಕಾರ್ಖಾನೆಯ ತೂಕದ ಕಾಟಾ, ಲೂಮಿನ ಶೆಡ್ಡುಗಳಲ್ಲೂ ಕನ್ನಡದ ಜೊತೆ ಮರಾಠಿಯಲ್ಲೂ ಇರಬೇಕು. ಬಾಗಿಲಲ್ಲೇ ನೋಡಿ, ಅಪಾಯವಿದ್ದರೆ ತಕ್ಷಣ ಮುಂದಕ್ಕೆ ಕಳಿಸುವ ನರ್ಸ್ ಇರುವ ಕೇಂದ್ರದಲ್ಲಿ ಹೊತ್ತು ಉಳಿಯುತ್ತದೆ. ಹೊತ್ತು ಕಳೆದುಹೋಗುವುದು ಇಂದಿನ ಹಾಗೆ ಸೂಜಿಯವರ ಬೆಂಚಿನ ಮೇಲೆ.

ಆದ್ದರಿಂದ ಬೇಡಿಕೆ ದೊಡ್ಡದೇನಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ತಾಲೂಕುಗಳಲ್ಲಿ ಆಯ್ದ ಕೆಲವು ಕೇಂದ್ರಗಳನ್ನು ಮುಂದಿನ ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಎಂಟರವರೆಗೆ ತೆರೆದಿಡಲಿ. ಎಷ್ಟು ಜನ ಬಂದರು, ಎಷ್ಟು ಗಾಯ ಅಲ್ಲೇ ವಾಸಿಯಾಯಿತು, ಎಷ್ಟು ಮಂದಿ ರೇಬೀಸ್ ಲಸಿಕೆ ಪೂರ್ತಿ ಹಾಕಿಸಿಕೊಂಡರು, ಎಷ್ಟು ಜನರನ್ನು ಮುಂದಕ್ಕೆ ಕಳಿಸಲಾಯಿತು ಎಂಬ ಲೆಕ್ಕವನ್ನು ಹಂಗಾಮು ಮುಗಿದ ಮೇಲೆ ಪ್ರಕಟಿಸಲಿ. ಲೆಕ್ಕ ತಾಳೆಯಾಗದಿದ್ದರೆ ಕೈಬಿಡಲಿ. ಆ ಪ್ರಯತ್ನವನ್ನೂ ಮಾಡದೆ, ಜನರು ನಕಲಿ ವೈದ್ಯರ ಬಳಿ ಹೋಗುತ್ತಾರೆಂದು ದೂರುವ ಹಕ್ಕು ಆರೋಗ್ಯ ಇಲಾಖೆಗಿಲ್ಲ.