ಪಾದಕ್ಕೆ ನಂಬರು ಬರೆದಿಲ್ಲ

ಮಕ್ಕಳೇ, ಮೊಮ್ಮಗಳಿಗೆ ಓಟದ ಶೂ ಬೇಕಿತ್ತು. ಹಳೆಯ ಶೂ ನಂಬರನ್ನೇ ಮೊಬೈಲಿನಲ್ಲಿ ಒತ್ತಿ ತರಿಸಿದೆ. 'ಸರಿಯಾಗಿದೆ ತಾತ' ಅಂದಳು. ನಾಲ್ಕನೇ ದಿನ ಕುಂಟುತ್ತಿದ್ದಳು. ಹಿಮ್ಮಡಿಯಲ್ಲಿ ಬೊಬ್ಬೆ! ತಾತನ ದುಡ್ಡು ದಂಡವಾಗುತ್ತದೆಂದು ಹೇಳಿರಲಿಲ್ಲವಂತೆ.

ವರವು ಕಾವಲಿಗೆ ಗೋಡೆ ಬರುವ ಮೊದಲು ಅಲ್ಲಿ ಕುರಿ ಮೇಯಿಸುವವರು ಜಾಲಿಮುಳ್ಳಿಗೆ ಹೆದರಿ ದಪ್ಪ ಅಟ್ಟೆಯ ಕೆರ ಮೆಟ್ಟುತ್ತಿದ್ದರು. ಹೊಲಿಯುವಾತ ನಂಬರು ಕೇಳುತ್ತಿರಲಿಲ್ಲ. ಪಾದ ಇಡಿಸಿ ಸುತ್ತ ಗೆರೆ ಎಳೆಯುತ್ತಿದ್ದ.

ನಾವೂ ಹಾಗೇ ಮಾಡಿದೆವು. ಪಾದ ಕೊಂಚ ಊದಿರುವ ಸಂಜೆ ಹೊತ್ತು, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಕಾಗದದ ಮೇಲೆ ನಿಲ್ಲಿಸಿ, ಉದ್ದದ ಬೆರಳಿನ ತುದಿಗೆ ಗುರುತು ಹಾಕಿದೆ. ಎಡಗಾಲು 21.8 ಸೆಂ.ಮೀ., ಬಲಗಾಲು 22.3! ದೊಡ್ಡದನ್ನೇ ಲೆಕ್ಕಕ್ಕೆ ಹಿಡಿದು, ಆ ಕಂಪನಿಯ ಅಳತೆ ಪಟ್ಟಿ ನೋಡಿ ಬದಲಾಯಿಸಿಕೊಂಡೆವು.

ಬ್ರಿಟಿಷ್ ಲೆಕ್ಕದಲ್ಲಿ ಒಂದು ನಂಬರು ಏರಿದರೆ ಸುಮಾರು 8.5 ಮಿ.ಮೀ. ಹೆಚ್ಚು, ಯೂರೋಪಿನದರಲ್ಲಿ ಸುಮಾರು 6.7. ಸೆಂಟಿಮೀಟರ್ ಮಾತ್ರ ಎಲ್ಲೆಡೆ ಒಂದೇ. ನಮ್ಮ ಪಾದಕ್ಕೇ ಹೊಂದುವ 'ಭಾ' ಎಂಬ ಅಳತೆಗಾಗಿ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದಿದೆ.

ಅಜ್ಜ-ಅಜ್ಜಿಯರೇ, ಕೊಳ್ಳುವ ಮುಂಚೆ ಅಳೆಯಿರಿ. ಮಕ್ಕಳೇ, ಶೂ ಕಚ್ಚಿದರೆ ಅಂದೇ ಹೇಳಿ. ದುಡ್ಡಿಗಿಂತ ಕಾಲು ದೊಡ್ಡದು.